ಹಿಟ್ಟು, ಕೊಂಬಿನ ಲೋಟ, ನಾಲ್ಕು ಪೆನ್ಸ್: ‘ಆಮ್ಸ್‌ಡೀಡ್’ ಜಾಡಿನಲ್ಲಿ ಆರು ದಿನ

ಇಂಗ್ಲಿಷಿನಲ್ಲಿ ‘ಆಮ್ಸ್‌ಡೀಡ್’ ಎಂಬ ಪದವೊಂದಿತ್ತು. ಬಡವರಿಗೆ ಕೊಡುವುದು ಎಂದು ಅದರ ಅರ್ಥ. ಈಗ ಅದನ್ನು ಯಾರೂ ಬಳಸುವುದಿಲ್ಲ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಯೊಪ್ಪ ಊರಿನ ದೊರ್ಕ ಎಂಬಾಕೆಯ ಬಗ್ಗೆ ಹೇಳುವಾಗ ಈ ಪದ ಬರುತ್ತದೆ. ಆಕೆ ಸತ್ತಾಗ ಊರಿನ ವಿಧವೆಯರು ಸುತ್ತ ನಿಂತು, ಆಕೆ ತಮಗೆ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿ ಅಳುತ್ತಾರೆ. ಆಮ್ಸ್‌ಡೀಡ್ ಎಂದರೇನು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ಇಲ್ಲ. ಅದು ಮನಸ್ಸಿನೊಳಗಿನ ಕರುಣೆಯಲ್ಲ, ಕೈಯಿಂದ ಮಾಡಿದ ಕೆಲಸ. ಪದದ ಮೊದಲರ್ಧ ‘ಆಮ್ಸ್’ ಗ್ರೀಕಿನಲ್ಲಿ ‘ಕರುಣೆ’ ಎಂಬ ಪದದಿಂದ ಹುಟ್ಟಿ, ಲ್ಯಾಟಿನ್ ದಾಟಿ, ಹಳೆಯ ಇಂಗ್ಲಿಷಿನಲ್ಲಿ ‘ಆಲ್ಮೆಸ್ಸೆ’ ಆಗಿ ಸವೆದು ಉಳಿದ ತುಂಡು. ಕೊನೆಯ ‘ಸ್’ ಬಹುವಚನದ್ದಲ್ಲ, ಆ ‘ಆಲ್ಮೆಸ್ಸೆ’ಯದೇ ಪಳೆಯುಳಿಕೆ. ಇನ್ನರ್ಧ ‘ಡೀಡ್’, ಅಂದರೆ ಕ್ರಿಯೆ.

ಇದರ ಜೊತೆಗೇ ಬರುವ ಇನ್ನೊಂದು ಪದ ‘ಡೋಲ್’. ಹಳೆಯ ಇಂಗ್ಲಿಷಿನಲ್ಲಿ ‘ಪಾಲು’ ಎಂದರ್ಥ. ಕನ್ನಡದಲ್ಲಿ ಇದಕ್ಕೆ ಸರಿಯಾಗಿ ಕೂರುವ ಪದ ‘ಪಡಿ’. ಅಳೆಯುವ ಮಾನಕ್ಕೂ ಅಳೆದು ಕೊಟ್ಟಿದ್ದಕ್ಕೂ ನಮ್ಮಲ್ಲಿ ಒಂದೇ ಹೆಸರು. ಈ ಪ್ರವಾಸದ ಉದ್ದಕ್ಕೂ ಆ ಪದ ನೆನಪಿರಲಿ. ಇಂಗ್ಲೆಂಡಿನ ಹಳೆಯ ದತ್ತಿಗಳಲ್ಲಿ ಯಾವುದು ಉಳಿಯಿತು, ಯಾವುದು ಸೊರಗಿತು ಎಂಬುದಕ್ಕೆ ಉತ್ತರ ಬಹುಪಾಲು ಅಳತೆಯಲ್ಲೇ ಇದೆ.

2027ರ ಮಾರ್ಚ್ ಕೊನೆಯ ವಾರ ಈ ಸುತ್ತಾಟಕ್ಕೆ ಅಪರೂಪದ ಅವಕಾಶ. ಟಿಚ್‌ಬೋರ್ನ್ ಹಿಟ್ಟಿನ ದತ್ತಿಗೆ ಮಾರ್ಚ್ 25 ಎಂಬ ನಿಗದಿತ ತಾರೀಖಿದೆ. ವರ್ಷಕ್ಕೊಮ್ಮೆ ನಡೆಯುವ ಉಳಿದ ಹಂಚಿಕೆಗಳು ಈಸ್ಟರ್ ಜೊತೆ ಸರಿದಾಡುತ್ತವೆ, ಮತ್ತು ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. 2027ರಲ್ಲಿ ಅದು ಮಾರ್ಚ್ 28ಕ್ಕೆ ಬೀಳುವುದರಿಂದ ಎಲ್ಲವೂ ಒಂದೇ ವಾರದೊಳಗೆ ಸಿಗುತ್ತವೆ.

ಬುಧವಾರ, ಮಾರ್ಚ್ 24: ವಿಂಚೆಸ್ಟರ್

ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ವಿಂಚೆಸ್ಟರಿಗೆ ನೇರ ರೈಲಿದೆ, ಸುಮಾರು ಒಂದು ಗಂಟೆ. ಊರ ದಕ್ಷಿಣಕ್ಕೆ ‘ಹಾಸ್ಪಿಟಲ್ ಆಫ್ ಸೇಂಟ್ ಕ್ರಾಸ್’ ಇದೆ. ಹೆಸರು ನೋಡಿ ಆಸ್ಪತ್ರೆ ಎಂದುಕೊಳ್ಳಬಾರದು. ಆ ಕಾಲದಲ್ಲಿ ಹಾಸ್ಪಿಟಲ್ ಎಂದರೆ ಬಂದವರಿಗೆ ಜಾಗ ಕೊಡುವ ಮನೆ, ನಮ್ಮ ಛತ್ರಕ್ಕೆ ಹತ್ತಿರದ್ದು. ರಸ್ತೆಯ ಮೇಲೆ ಬಸ್ ಸಿಗುತ್ತದಾದರೂ ನಡೆದು ಹೋಗುವುದೇ ಸರಿ. ವಿಂಚೆಸ್ಟರ್ ಕಾಲೇಜಿನ ಹಿಂಬದಿಯಿಂದ ಇಚೆನ್ ನದಿಯ ಪಕ್ಕದಲ್ಲೇ ಒಂದೂವರೆ ಕಿಲೋಮೀಟರ್ ಕಾಲುದಾರಿ. ಸುಣ್ಣಕಲ್ಲಿನ ನೆಲದಿಂದ ಏಳುವ ನೀರಾದ್ದರಿಂದ ತಳದ ಕಲ್ಲು ಎಣಿಸುವಷ್ಟು ತಿಳಿ. ಮಾರ್ಚ್‌ನಲ್ಲಿ ಈ ತಗ್ಗಿನ ಹುಲ್ಲುಗಾವಲು ಕೆಸರೆದ್ದಿರುತ್ತದೆ, ಚಪ್ಪಟೆ ಅಡಿಯ ಶೂ ಜಾರುತ್ತದೆ. ಹಿಂದಿನ ದಿನ ಮಳೆ ಬಂದಿದ್ದರೆ ರಸ್ತೆಯ ದಾರಿಯೇ ವಾಸಿ.

ಇದನ್ನು 1130ರ ದಶಕದಲ್ಲಿ ಕಟ್ಟಿಸಿದವನು ಬ್ಲಾದ ಹೆನ್ರಿ. ವಿಂಚೆಸ್ಟರಿನ ಬಿಷಪ್, ಇಂಗ್ಲೆಂಡನ್ನು ಗೆದ್ದ ವಿಲಿಯಮ್ಮನ ಮೊಮ್ಮಗ, ರಾಜ ಸ್ಟೀಫನ್ನನ ತಮ್ಮ. ಅವನ ಕಟ್ಟಳೆ ಎರಡು: ದುಡಿಯಲು ಶಕ್ತಿಯಿಲ್ಲದ 13 ಬಡವರು ಒಳಗೆ ಇರಬೇಕು, 100 ಬಡವರಿಗೆ ದಿನವೂ ಬಾಗಿಲಲ್ಲಿ ಊಟ ಸಿಗಬೇಕು. ಆ ನೂರು ಮಂದಿ ಕೂರುತ್ತಿದ್ದ ಜಾಗ ಇಂದಿಗೂ ‘ನೂರು ಜನರ ಹಜಾರ’ ಎಂದೇ ಕರೆಸಿಕೊಳ್ಳುತ್ತದೆ. 1440ರ ದಶಕದಲ್ಲಿ ಕಾರ್ಡಿನಲ್ ಬೋಫರ್ಟ್ ಎರಡನೆಯ ಪಂಕ್ತಿಯೊಂದನ್ನು ಸೇರಿಸಿದ. ಅವನು ಇಟ್ಟ ಹೆಸರು ‘ಕುಲೀನ ಬಡತನದ ಸಂಘ’: ಚೆನ್ನಾಗಿ ಬಾಳಿ ಕೆಟ್ಟವರಿಗಾಗಿ. ಇಲ್ಲಿ ವಾಸಿಸುವ ವೃದ್ಧರನ್ನು ಈಗಲೂ ‘ಬ್ರದರ್’ ಎನ್ನುತ್ತಾರೆ. ಕಪ್ಪು ನಿಲುವಂಗಿ, ಎದೆಯ ಮೇಲೆ ಬೆಳ್ಳಿಯ ಶಿಲುಬೆ ಇದ್ದರೆ ಹೆನ್ರಿಯ ಕಡೆಯವರು, ಕೆಂಪು ನಿಲುವಂಗಿಯಾದರೆ ಬೋಫರ್ಟನ ಕಡೆಯವರು.

ಇನ್ನು ಬಂದ ಕೆಲಸ. ಬೋಫರ್ಟ್ ಕಟ್ಟಿಸಿದ ಗೋಪುರದ ಕೆಳಗೆ ದ್ವಾರಪಾಲಕರ ಕೋಣೆ. ಒಳಗೆ ಹೋಗಿ ನೋಡಲು ಟಿಕೆಟ್ ಉಂಟು, ಆದರೆ ‘ದಾರಿಹೋಕರ ಪಡಿ’ಗೆ ಹಣವಿಲ್ಲ. ಅದನ್ನು ಬಾಯಿಬಿಟ್ಟು ಕೇಳಬೇಕು. ಕೇಳದವರಿಗೆ ಯಾರೂ ತಾವಾಗಿ ನೀಡುವುದಿಲ್ಲ. ಬಹಳ ಜನ ಟಿಕೆಟ್ ಕೊಂಡು, ಚರ್ಚ್ ನೋಡಿ, ಪಡಿಯ ವಿಷಯ ಗೊತ್ತೇ ಆಗದೆ ಹೊರಡುತ್ತಾರೆ. ಕೇಳಿದರೆ ಸಿಗುವುದು ಒಂದು ಚೂರು ಬ್ರೆಡ್ ಮತ್ತು ದನದ ಕೊಂಬಿನಿಂದ ಮಾಡಿದ ಪುಟ್ಟ ಲೋಟದಲ್ಲಿ ಬಿಯರ್, ಒಂದೆರಡು ಗುಟುಕು. ಕೊಂಬು ಗಾಜಿಗಿಂತ ಹಗುರ. ಬೆಳಕಿಗೆ ಹಿಡಿದರೆ ಜೇನಿನ ಬಣ್ಣ, ಅಂಚು ತುಟಿಗೆ ತಣ್ಣಗೆ ತಾಗುವುದಿಲ್ಲ. ದಿನಕ್ಕೆ ಇಂತಿಷ್ಟು ಎಂದು ತೆಗೆದಿಡುವ ಪದ್ಧತಿಯಾದ್ದರಿಂದ ಮಧ್ಯಾಹ್ನ ತಡವಾಗಿ ಹೋಗಬಾರದು. ಕೇಳಲು ಸಂಕೋಚ ಬೇಡ. ಕೇಳುವವರು ಇರುವುದರಿಂದಲೇ ಈ ಪದ್ಧತಿ ನಡೆಯುತ್ತಿದೆ.

ನಡುವೆ ಅದು ಕೆಟ್ಟದ್ದೂ ಉಂಟು, ಒಂದಲ್ಲ ಹಲವು ಸಲ. ಹದಿನಾಲ್ಕನೆಯ ಶತಮಾನದಲ್ಲಿ ಮೇಲ್ವಿಚಾರಕರೇ ಆಸ್ತಿ ನುಂಗುತ್ತಿದ್ದರು. ಆಗಿನ ಬಿಷಪ್ ವೈಕಮ್‌ನ ವಿಲಿಯಮ್ ವರ್ಷಗಟ್ಟಲೆ ವ್ಯಾಜ್ಯ ನಡೆಸಿ ಅದನ್ನು ಬಡವರಿಗೆ ವಾಪಸ್ ತಂದ. ಮತ್ತೆ 1808ರಲ್ಲಿ ಬಿಷಪ್ಪನೊಬ್ಬ ಸ್ವಂತ ಮಗ ಫ್ರಾನ್ಸಿಸ್ ನಾರ್ತ್‌ನನ್ನು ಮೇಲ್ವಿಚಾರಕನನ್ನಾಗಿ ಮಾಡಿದ. ಈತ ಮುಂದೆ ಗಿಲ್ಫರ್ಡ್‌ನ ಅರ್ಲ್ ಆದ. ಹಣ ಸೋರಿದ ದಾರಿ ಹೀಗೆ. ದತ್ತಿಯ ಜಮೀನಿಗೆ ವರ್ಷದ ಗೇಣಿಯನ್ನು ಬಹಳ ಕಡಿಮೆ ಇಟ್ಟು, ಗುತ್ತಿಗೆ ನವೀಕರಿಸುವಾಗ ಒಟ್ಟಿಗೆ ದೊಡ್ಡ ಮೊತ್ತ ಪಡೆಯುವುದು. ಲೆಕ್ಕಪುಸ್ತಕದಲ್ಲಿ ಕಾಣುವುದು ಚಿಕ್ಕ ಗೇಣಿ, ಅದರಲ್ಲಿ ಬಡವರ ಖರ್ಚು. ನವೀಕರಣದ ದೊಡ್ಡ ಮೊತ್ತ ಮೇಲ್ವಿಚಾರಕನ ಜೇಬಿಗೆ. ಪ್ರಕರಣ ನ್ಯಾಯಾಲಯ ಹತ್ತಿ 1853ರಲ್ಲಿ ತೀರ್ಪು ಅವನ ವಿರುದ್ಧ ಬಂತು. ಅಷ್ಟು ವರ್ಷ ಬಾಗಿಲಲ್ಲಿ ಬ್ರೆಡ್ಡು, ಬಿಯರು ನಿಲ್ಲದೆ ನಡೆದಿತ್ತು ಎಂಬುದನ್ನು ಗಮನಿಸಬೇಕು. ಹೊರಗಿನವರಿಗೆ ಎಲ್ಲವೂ ಸರಿಯಾಗಿದೆ ಎನಿಸಲು ಒಂದು ಚೂರು ಬ್ರೆಡ್ ಸಾಕಾಗಿತ್ತು. ದತ್ತಿ ನೋಡಲು ಹೋದವರು ಬಾಗಿಲನ್ನಷ್ಟೇ ನೋಡಿ ಬರಬಾರದು.

ಗುರುವಾರ, ಮಾರ್ಚ್ 25: ಟಿಚ್‌ಬೋರ್ನ್

ವಿಂಚೆಸ್ಟರಿನಿಂದ ಆಲ್ಟನ್ ಕಡೆಗೆ ಹೋಗುವ 64ನೇ ನಂಬರ್ ಬಸ್ ಹಿಡಿದು ಆಲ್ರೆಸ್‌ಫರ್ಡ್‌ನಲ್ಲಿ ಇಳಿಯಬೇಕು. ಅಲ್ಲಿಂದ ಟಿಚ್‌ಬೋರ್ನ್ ಸುಮಾರು ಮೂರು ಕಿಲೋಮೀಟರ್, ನಿನ್ನೆಯ ಅದೇ ಇಚೆನ್ ನದಿಯ ಮೇಲ್ಭಾಗ. ಬಸ್ ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾದೀತು, ಬೆಳಗ್ಗೆ ಬೇಗ ಹೊರಡಿ.

ಇಲ್ಲೊಂದು ಎಚ್ಚರಿಕೆ. ಮಾರ್ಚ್ 25 ಮೇರಿಗೆ ದೇವದೂತ ಸುದ್ದಿ ತಂದ ದಿನದ ಹಬ್ಬ, ಇಂಗ್ಲಿಷರ ಬಾಯಲ್ಲಿ ‘ಲೇಡಿ ಡೇ’. ಆ ದಿನ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಬಿದ್ದರೆ ಚರ್ಚ್ ಹಬ್ಬವನ್ನು ಈಸ್ಟರ್ ಮುಗಿದ ಮೇಲಕ್ಕೆ ಸರಿಸುತ್ತದೆ. 2027ರಲ್ಲಿ ಅದು ಏಪ್ರಿಲ್ 5ಕ್ಕೆ ಹೋಗುತ್ತದೆ. ಹಿಟ್ಟು ಹಂಚುವ ದಿನವೂ ಸರಿಯುವುದೋ ಇಲ್ಲವೋ ಎಂಬುದನ್ನು ಮುಂಚೆಯೇ ಊರಿನ ಚರ್ಚ್‌ಗೆ ಬರೆದು ಕೇಳಿಯೇ ಟಿಕೆಟ್ ತೆಗೆಯಬೇಕು. ಅಂದಹಾಗೆ 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದುದೂ ಈ ದಿನವೇ. ಗೇಣಿ ಕಟ್ಟುವ ದಿನವೂ ಇದೇ. ಧಣಿಯ ಮನೆಗೆ ಹಣ ಬರುವ ದಿನವೇ ಬಡವನ ಮನೆಗೆ ಹಿಟ್ಟು ಹೋಗಬೇಕು ಎಂಬ ಏರ್ಪಾಡಿನಲ್ಲಿ ದೊಡ್ಡ ವಿವೇಕವಿದೆ.

ಕಥೆ ಅಲ್ಲಿನವರಿಗೆಲ್ಲ ಗೊತ್ತಿರುವಂಥದ್ದು. ಹನ್ನೆರಡನೆಯ ಶತಮಾನದಲ್ಲಿ ಮಬೆಲಾ ಟಿಚ್‌ಬೋರ್ನ್ ಎಂಬ ಒಡತಿ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಳು. ಬಡವರಿಗೆ ವರ್ಷವರ್ಷವೂ ಬ್ರೆಡ್ ಸಿಗುವಂತೆ ಜಮೀನು ಬಿಡು ಎಂದು ಗಂಡ ರೋಜರ್‌ನನ್ನು ಬೇಡಿದಳು. ಅವನು ಒಲೆಯಿಂದ ಉರಿಯುವ ಕೊಳ್ಳಿಯೊಂದನ್ನು ತೆಗೆದು, ಇದು ಆರುವುದರೊಳಗೆ ನೀನು ಎಷ್ಟು ನೆಲ ಸುತ್ತುತ್ತೀಯೋ ಅಷ್ಟು ಬಿಡುತ್ತೇನೆ ಎಂದ. ಎದ್ದು ನಡೆಯಲಾರದ ಆಕೆ ತೆವಳಿಕೊಂಡೇ 23 ಎಕರೆ ಸುತ್ತಿದಳು. ಆ ಹೊಲಕ್ಕೆ ಇಂದಿಗೂ ‘ಕ್ರಾಲ್ಸ್’, ಅಂದರೆ ತೆವಳಿದ್ದು, ಎಂದೇ ಹೆಸರು. 23 ಎಕರೆ ಸರಿಯಾದ ಚೌಕವೆಂದು ಹಿಡಿದರೂ ಸುತ್ತಳತೆ 1,200 ಮೀಟರಿಗೂ ಹೆಚ್ಚು. ಹೊಲದ ಬದುವಿನ ಮೇಲೆ ಒಂದು ನೂರು ಹೆಜ್ಜೆ ನಡೆದು ನೋಡಿದರೆ ಸಾಕು, ಆ ಲೆಕ್ಕದ ಭಾರ ತಿಳಿಯುತ್ತದೆ.

ಸಾಯುವ ಮುನ್ನ ಆಕೆ ಶಾಪವನ್ನೂ ಇಟ್ಟಳಂತೆ: ಪಡಿ ನಿಲ್ಲಿಸಿದರೆ ಮನೆತನದಲ್ಲಿ ಏಳು ಗಂಡುಮಕ್ಕಳ ತಲೆಮಾರು, ಅದರ ಬೆನ್ನಿಗೆ ಏಳು ಹೆಣ್ಣುಮಕ್ಕಳ ತಲೆಮಾರು ಬಂದು ಹೆಸರು ಅಳಿಯುತ್ತದೆ, ಮನೆ ಬೀಳುತ್ತದೆ. ದಾನಶಾಸನಗಳ ಕೊನೆಯ ಶಾಪಾಶಯ ಓದಿದ ಕನ್ನಡಿಗರಿಗೆ ಇದು ಹೊಸದಲ್ಲ. ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂದು ನಮ್ಮ ಕಲ್ಲುಗಳೂ ಹೇಳುತ್ತವೆ. ಮುಂದಿನ ತಲೆಮಾರಿನ ಮೇಲೆ ದಾನಿಗೆ ಬೇರೆ ಹಿಡಿತವಿರಲಿಲ್ಲ, ಮಾತೊಂದೇ ಕಾವಲು.

1796ರಲ್ಲಿ ಪಡಿ ನಿಂತಿತು. ಕಾರಣ ಜಿಪುಣತನವಲ್ಲ. ಆ ದಿನ ಬ್ರೆಡ್ ಸಿಗುತ್ತದೆ ಎಂಬ ಸುದ್ದಿ ಹಬ್ಬಿ ದೂರದೂರದಿಂದ ಜನ ನುಗ್ಗುತ್ತಿದ್ದರು, ಗಲಾಟೆಯಾಗುತ್ತಿತ್ತು. ಯಾರಿಗೆ ಹಕ್ಕಿದೆ ಎಂಬ ಪಟ್ಟಿಯಿಲ್ಲದ ದಾನಕ್ಕೆ ಇದೇ ಗತಿ. 1803ರಲ್ಲಿ ಮನೆಯ ಒಂದು ಭಾಗ ಕುಸಿಯಿತು. ಆಗಿನ ಬ್ಯಾರೊನೆಟ್, ಅಂದರೆ ವಂಶಪಾರಂಪರ್ಯ ಪದವಿ ಹೊತ್ತ ಮನೆಯ ಒಡೆಯ, ಹೆನ್ರಿಗೆ ಏಳು ಗಂಡುಮಕ್ಕಳು, ಅವರಲ್ಲಿ ಹಿರಿಯನಿಗೆ ಏಳು ಹೆಣ್ಣುಮಕ್ಕಳು. ಮನೆತನ ಹೆದರಿ ಪಡಿಯನ್ನು ಮತ್ತೆ ಶುರುಮಾಡಿತು, ಆದರೆ ತಪ್ಪು ತಿದ್ದಿಕೊಂಡು. ಬ್ರೆಡ್ ಬದಲು ಹಿಟ್ಟು, ಬಂದವರಿಗೆಲ್ಲ ಅಲ್ಲ, ಟಿಚ್‌ಬೋರ್ನ್ ಮತ್ತು ಪಕ್ಕದ ಚೆರಿಟನ್ ಸುತ್ತಿನವರಿಗೆ ಮಾತ್ರ.

ಹಂಚುವ ಕ್ರಮ ಇದು. ಟಿಚ್‌ಬೋರ್ನ್ ಮನೆಯ ಮುಂದೆ ದೊಡ್ಡ ಮರದ ಪೆಟ್ಟಿಗೆಯಲ್ಲಿ ಹಿಟ್ಟು ಸುರಿದಿಡುತ್ತಾರೆ. ಕ್ಯಾಥೊಲಿಕ್ ಪಾದ್ರಿ ಪ್ರಾರ್ಥನೆ ಹೇಳಿ, ತೀರ್ಥ ಚಿಮುಕಿಸಿ, ಧೂಪ ಹಾಕುತ್ತಾರೆ. ಆಮೇಲೆ ಅಳತೆ: ವಯಸ್ಕರಿಗೆ ಒಂದು ಗ್ಯಾಲನ್, ಮಕ್ಕಳಿಗೆ ಅರ್ಧ. ಗ್ಯಾಲನ್ ಎಂದರೆ ನೀರಿನ, ಪೆಟ್ರೋಲಿನ ಅಳತೆ ಎಂದು ಗಾಬರಿಯಾಗಬೇಡಿ. ಧಾನ್ಯವನ್ನೂ ಅದರಲ್ಲೇ ಅಳೆಯುತ್ತಿದ್ದರು, ನಮ್ಮ ಸೇರು ಬಳ್ಳಗಳ ಹಾಗೆ. ಹಳೆಯ ಹಿಟ್ಟಿನ ವ್ಯಾಪಾರದ ಲೆಕ್ಕದಲ್ಲಿ ಒಂದು ಗ್ಯಾಲನ್‌ಗೆ ಏಳು ಪೌಂಡ್, ಅಂದರೆ ಮೂರು ಕಿಲೋಗೆ ಸ್ವಲ್ಪ ಮೇಲೆ. ಗಂಡ, ಹೆಂಡತಿ, ಇಬ್ಬರು ಮಕ್ಕಳಿದ್ದ ಮನೆಗೆ ಮೂರು ಗ್ಯಾಲನ್, ಸುಮಾರು ಒಂಬತ್ತೂವರೆ ಕಿಲೋ. ಕಾಗದದ ಚೀಲ ಹರಿಯುತ್ತದೆ, ತೆಳು ಪ್ಲಾಸ್ಟಿಕ್ ಚೀಲದ ಬಾಯಿ ಹಿಟ್ಟು ಸುರಿಯುವಾಗ ಮಡಚಿಕೊಳ್ಳುತ್ತದೆ. ಅನುಭವಸ್ಥರು ತರುವುದು ದಿಂಬಿನ ಗವಸು. ಅಗಲ ಬಾಯಿ, ಗಟ್ಟಿ ನೇಯ್ಗೆ, ತುದಿ ಹಿಡಿದು ಗಂಟು ಹಾಕಿದರೆ ಹೆಗಲ ಮೇಲೆ ಹೊರಬಹುದು. ಗಾಳಿಯಿದ್ದ ದಿನ ಹಿಟ್ಟು ಹಾರಿ ಸಾಲಿನಲ್ಲಿದ್ದವರ ಕೋಟೆಲ್ಲ ಬೆಳ್ಳಗಾಗುತ್ತದೆ. ಫೋಟೋ ತೆಗೆಯುವವರು ಗಾಳಿ ಬರುವ ಕಡೆ ನಿಲ್ಲಬೇಕು. ಹೊರಗಿನವರು ನೋಡಬಹುದು, ಸಾಲಿನಲ್ಲಿ ನಿಲ್ಲಬಾರದು.

ಹಂಚಿಕೆ ಮುಗಿದ ಮೇಲೆ ದಿಬ್ಬದ ಮೇಲಿನ ಸೇಂಟ್ ಆಂಡ್ರೂ ಚರ್ಚ್ ನೋಡಲೇಬೇಕು. ಇಂಗ್ಲೆಂಡ್ ಪ್ರೊಟೆಸ್ಟಂಟ್ ಆದ ಮೇಲೂ ಟಿಚ್‌ಬೋರ್ನ್ ಮನೆತನ ಕ್ಯಾಥೊಲಿಕ್ ಆಗಿಯೇ ಉಳಿಯಿತು. ಹಾಗಾಗಿ ಈ ಆಂಗ್ಲಿಕನ್ ಚರ್ಚಿನ ಒಳಗೇ ಕಂಬಿ ಹಾಕಿದ ಅವರ ಕ್ಯಾಥೊಲಿಕ್ ಪೂಜಾಸ್ಥಳವಿದೆ. ಇಂಥದ್ದು ಆ ದೇಶದಲ್ಲಿ ಬಹಳ ಅಪರೂಪ.

ಇದೇ ಗುರುವಾರ ರಾಜನ ದಾನದ ದಿನವೂ ಹೌದು, ‘ಮಾಂಡಿ ಗುರುವಾರ’. ಅದು ಪ್ರತಿವರ್ಷ ಒಂದೊಂದು ಕ್ಯಾಥೆಡ್ರಲ್‌ನಲ್ಲಿ ನಡೆಯುತ್ತದೆ, ಒಳಗೆ ಹೋಗಲು ಆಹ್ವಾನ ಬೇಕು. ಎರಡನ್ನೂ ಒಂದೇ ದಿನ ನೋಡಲಾಗದು. ಆದರೆ ಅದರ ಲೆಕ್ಕ ತಿಳಿದಿರಬೇಕು. ರಾಜನಿಗೆ ಎಷ್ಟು ವಯಸ್ಸೋ ಅಷ್ಟು ಗಂಡಸರು, ಅಷ್ಟೇ ಹೆಂಗಸರು. 2023ರಲ್ಲಿ ಯಾರ್ಕ್‌ನಲ್ಲಿ ಮೂರನೆಯ ಚಾರ್ಲ್ಸ್ 74 ಗಂಡಸರಿಗೂ 74 ಹೆಂಗಸರಿಗೂ ಕೊಟ್ಟರು. ಒಬ್ಬೊಬ್ಬರಿಗೆ ಎರಡು ಚರ್ಮದ ಚೀಲ. ಬಿಳಿಯದರಲ್ಲಿ ವಯಸ್ಸಿನಷ್ಟೇ ಪೆನ್ಸ್, 1, 2, 3, 4 ಪೆನ್ಸ್‌ನ ಬೆಳ್ಳಿ ನಾಣ್ಯಗಳಲ್ಲಿ. ನಾಲ್ಕೂ ಸೇರಿ ಒಂದು ಸೆಟ್‌ಗೆ 10 ಪೆನ್ಸ್. 74 ಆಗಲು ಏಳು ಸೆಟ್, ಮೇಲೆ 4 ಪೆನ್ಸ್ ಬಿಡಿ. ಒಂದು ಪೆನ್ನಿಯ ಬೆಳ್ಳಿ ನಾಣ್ಯ ಬರೀ 11 ಮಿಲಿಮೀಟರ್ ಅಗಲ, ಅಂಗಿಯ ಗುಂಡಿಯಷ್ಟು. ಕೆಂಪು ಚೀಲದಲ್ಲಿ ಐದೂವರೆ ಪೌಂಡ್: ಹಿಂದೆ ಕೊಡುತ್ತಿದ್ದ ಬಟ್ಟೆಗೆ ಬದಲು 3, ದಿನಸಿಗೆ ಬದಲು ಒಂದೂವರೆ, ರಾಜನ ನಿಲುವಂಗಿಗೆ ಬದಲು 1. ವಸ್ತುವಾಗಿದ್ದುದು ಹಣವಾದ ಕೂಡಲೇ ಏನಾಗುತ್ತದೆ ಎಂಬುದು ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಒಬ್ಬ ಮನುಷ್ಯನ ಬಟ್ಟೆ ಎಂದು ಬರೆದಿದ್ದರೆ ಇಂದಿಗೂ ಅದು ಬಟ್ಟೆಯೇ. ಮೂರು ಪೌಂಡಿಗೆ ಇವತ್ತು ಬಟ್ಟೆ ಬಾರದು. ಪಡೆಯುವವರೂ ಈಗ ಕಡುಬಡವರಲ್ಲ, ಚರ್ಚ್‌ಗೂ ಊರಿಗೂ ದುಡಿದ ಹಿರಿಯರು. ದಾನವು ಗೌರವವಾಗಿ ಬದಲಾಗಿದೆ. ಹಿಂದೆ ರಾಜರು ಬಡವರ ಕಾಲನ್ನೂ ತೊಳೆಯುತ್ತಿದ್ದರು. ಅದು ನಿಂತು ಮುನ್ನೂರು ವರ್ಷ ದಾಟಿದೆ, ಹಂಚುವ ಅಧಿಕಾರಿಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಬಿಳಿ ಟವೆಲ್ ಮಾತ್ರ ಉಳಿದಿದೆ.

ಶುಕ್ರವಾರ, ಮಾರ್ಚ್ 26: ಲಂಡನ್, ಸ್ಮಿತ್‌ಫೀಲ್ಡ್

ಶುಭ ಶುಕ್ರವಾರ ಬೆಳಗ್ಗೆ ಸೇಂಟ್ ಬಾರ್ಥೊಲೊಮ್ಯೂ ದ ಗ್ರೇಟ್ ಚರ್ಚಿನ ಸಮಾಧಿಯಂಗಳ. ಚರ್ಚ್ 1123ರದ್ದು. ಇಲ್ಲಿನ ಪದ್ಧತಿ: ಒಂದು ಚಪ್ಪಟೆ ಗೋರಿಕಲ್ಲಿನ ಮೇಲೆ 21 ಸಿಕ್ಸ್‌ಪೆನ್ಸ್ ನಾಣ್ಯ ಸಾಲಾಗಿ ಇಡುವುದು, 21 ಬಡ ವಿಧವೆಯರು ಒಬ್ಬೊಬ್ಬರಾಗಿ ಬಾಗಿ ತೆಗೆದುಕೊಳ್ಳುವುದು. ಮೂಲ ದಾನಿಯ ಹೆಸರೇ ಕಳೆದುಹೋಗಿ, ಹಣ ಬತ್ತಿ, ಪದ್ಧತಿ ನಿಲ್ಲುವ ಹಂತಕ್ಕೆ ಬಂದಾಗ 1887ರಲ್ಲಿ ಜೋಶುವಾ ಬಟರ್‌ವರ್ತ್ 22 ಪೌಂಡ್ 10 ಶಿಲಿಂಗ್ ಇಟ್ಟು ಉಳಿಸಿದ. ಸಿಕ್ಸ್‌ಪೆನ್ಸ್ ನಾಣ್ಯ 1980ರಲ್ಲಿ ಚಲಾವಣೆಯಿಂದಲೇ ಹೋಯಿತು. ಈಗ ಉಳಿದದ್ದು ಶಿಲುಬೆ ಗುರುತಿನ ಸಿಹಿ ಬನ್, ಅಲ್ಲಿ ನೆರೆದ ಎಲ್ಲರಿಗೂ. ಬೆಣ್ಣೆ ಸವರಿದ ಬನ್ ಒಂದು ಕೈಯಲ್ಲಿ, ಪ್ರಾರ್ಥನೆಯ ಹಾಳೆ ಇನ್ನೊಂದರಲ್ಲಿ.

ಐದು ನಿಮಿಷದ ನಡಿಗೆಯಲ್ಲಿ ಚಾರ್ಟರ್‌ಹೌಸ್. ಕಲ್ಲಿದ್ದಲಿನ ಭೂಮಿಯಿಂದ ಸಿರಿವಂತನಾದ ಥಾಮಸ್ ಸಟನ್ 1611ರಲ್ಲಿ 80 ವೃದ್ಧರಿಗೂ 40 ಹುಡುಗರ ಶಾಲೆಗೂ ಇದನ್ನು ಬಿಟ್ಟ. ಇತ್ತೀಚೆಗೆ ಹೆಂಗಸರನ್ನೂ ಸೇರಿಸಿಕೊಳ್ಳುತ್ತಿದ್ದಾರೆ, ಅವರನ್ನೂ ‘ಬ್ರದರ್’ ಎಂದೇ ಕರೆಯುತ್ತಾರೆ. ರಜೆಯ ದಿನ ಒಳಗೆ ಬಿಡುತ್ತಾರೆಂದು ನಂಬಿ ಹೋಗಬಾರದು.

ಸಂಜೆ ಹೊತ್ತು ಉಳಿದರೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಪಶ್ಚಿಮಕ್ಕೆ ಒಂದು ಸುತ್ತು. ಮಠದವರು ಬಡವರಿಗೆ ಹಂಚುತ್ತಿದ್ದ ಜಾಗ ‘ಆಮನ್ರಿ’ ಅಲ್ಲಿತ್ತು. ಕಟ್ಟಡ ಹೋಗಿದೆ. ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ಮುಂದೆ ಅಚ್ಚುಕೂಟ ನಡೆಸಿದ್ದೂ ಆ ಅಂಗಳದಲ್ಲೇ.

ಶನಿವಾರ, ಮಾರ್ಚ್ 27: ರೊಚೆಸ್ಟರ್

ಸೇಂಟ್ ಪ್ಯಾಂಕ್ರಸ್‌ನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯ ಒಳಗೆ. ಈಸ್ಟರ್ ರಜೆಯಲ್ಲಿ ಹಳಿ ದುರಸ್ತಿಗೆಂದು ಮಾರ್ಗ ಮುಚ್ಚುವುದು ಇಂಗ್ಲೆಂಡಿನ ವಾಡಿಕೆ. ಹಿಂದಿನ ರಾತ್ರಿಯೇ ವೇಳಾಪಟ್ಟಿ ನೋಡಿ. ರೈಲಿಗೆ ಬದಲು ಬಸ್ ಎಂದಿದ್ದರೆ ಹೊತ್ತು ಎರಡರಷ್ಟು ಹಿಡಿಯಿರಿ.

ಹೈಸ್ಟ್ರೀಟಿನಲ್ಲಿ ಸಣ್ಣ ಮೂರು ತ್ರಿಕೋನ ಮುಖದ ಕಲ್ಲಿನ ಮನೆ. ಬಾಗಿಲ ಮೇಲೆ 1771ರಲ್ಲಿ ಹೊಸದಾಗಿ ಕೊರೆಸಿದ ಕಲ್ಲು. ಸಾರಾಂಶ ಹೀಗಿದೆ: ರಿಚರ್ಡ್ ವಾಟ್ಸ್ 1579ರ ಆಗಸ್ಟ್ 22ರ ಉಯಿಲಿನ ಮೂಲಕ ಆರು ಮಂದಿ ಬಡ ಪ್ರಯಾಣಿಕರಿಗಾಗಿ ಇದನ್ನು ಸ್ಥಾಪಿಸಿದ. ಅವರು ಪೋಕರಿಗಳೂ ‘ಪ್ರಾಕ್ಟರ್’ಗಳೂ ಆಗಿರಬಾರದು. ಒಂದು ರಾತ್ರಿಯ ವಸತಿ, ಉಪಚಾರ, ತಲೆಗೆ ನಾಲ್ಕು ಪೆನ್ಸ್.

ಪ್ರಾಕ್ಟರ್ ಎಂದರೆ ಯಾರು ಎಂದು ಬಂದವರೆಲ್ಲ ಕೇಳುತ್ತಾರೆ. ವಾಟ್ಸ್‌ಗೆ ವಕೀಲನೊಬ್ಬ ಮೋಸ ಮಾಡಿದ್ದನಂತೆ, ಅದಕ್ಕೇ ಹೀಗೆ ಬರೆಸಿದ ಎಂಬುದು ಊರಿನ ಕಥೆ. ಹೆಚ್ಚು ಸರಿಕಾಣುವ ಅರ್ಥ ಬೇರೆ. ಕುಷ್ಠರೋಗಿಗಳ ಆಶ್ರಯಗಳ ಪರವಾಗಿ ಪರವಾನಗಿ ಚೀಟಿ ಹಿಡಿದು ಊರೂರು ತಿರುಗಿ ಹಣ ಎತ್ತುವವರಿಗೂ ಪ್ರಾಕ್ಟರ್ ಎನ್ನುತ್ತಿದ್ದರು. ಎಷ್ಟೋ ಚೀಟಿಗಳು ನಕಲಿ. ಬಡವರ ಹೆಸರಿನಲ್ಲಿ ಎತ್ತುವವನು ಬಡವನ ಹಾಸಿಗೆಯನ್ನೂ ಹಿಡಿಯಬಾರದು ಎಂಬುದು ವಾಟ್ಸ್‌ನ ಕಾಳಜಿ.

ಒಳಗೆ ಹಿಂಭಾಗದಲ್ಲಿ ಆರು ಪುಟ್ಟ ಕೋಣೆಗಳು. ಒಂದು ಮಂಚ ಹಾಕಿದರೆ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟೇ ಜಾಗ. ಆದರೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಒಂದೊಂದು ಬಾಗಿಲು. ದಿಕ್ಕಿಲ್ಲದ ಪ್ರಯಾಣಿಕನಿಗೆ ಮುಚ್ಚಿಕೊಳ್ಳಲು ತನ್ನದೇ ಒಂದು ಬಾಗಿಲು ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಈ ಆತಿಥ್ಯ 1940ರವರೆಗೆ ನಡೆಯಿತು. ನಾಲ್ಕು ಪೆನ್ಸ್ ಕೊನೆಯವರೆಗೂ ನಾಲ್ಕೇ ಪೆನ್ಸ್. ಇತ್ತ ವಾಟ್ಸ್ ಬಿಟ್ಟ ಜಮೀನಿನ ಗೇಣಿ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಎಷ್ಟೋ ಪಟ್ಟು ಬೆಳೆದಿತ್ತು. ಆರು ಹಾಸಿಗೆಗೆ ಆಗುತ್ತಿದ್ದುದು ಅದರ ಚಿಕ್ಕ ಚೂರು. ಒಬ್ಬನೇ ದಾನಿ, ಒಂದೇ ಉಯಿಲು: ನೆಲ ಬೆಳೆಯಿತು, ನಗದು ಕುಗ್ಗಿತು. ಕೊನೆಗೆ ಮಿಗುವ ಆದಾಯವನ್ನು ಬೇರೆ ಕೆಲಸಕ್ಕೂ ತಿರುಗಿಸಿ, 1858ರಲ್ಲಿ ಮೇಡ್‌ಸ್ಟೋನ್ ರಸ್ತೆಯಲ್ಲಿ ವೃದ್ಧರ ಮನೆಗಳನ್ನು ಕಟ್ಟಿದರು. ಅವು ಈಗಲೂ ಇವೆ. ವಾಟ್ಸ್ ಮನೆಯನ್ನು ತೆರೆಯುವ ದಿನಗಳು ಕಡಿಮೆ, ಹೊರಡುವ ಮುನ್ನ ವಿಚಾರಿಸಬೇಕು. ಮುಚ್ಚಿದ್ದರೂ ಬಾಗಿಲ ಮೇಲಿನ ಕಲ್ಲು ಬೀದಿಯಿಂದಲೇ ಓದಲು ಸಿಗುತ್ತದೆ.

ಇದೇ ಊರಿನಲ್ಲಿ 1213ರಲ್ಲಿ ರಾಜ ಜಾನ್ 13 ಬಡವರಿಗೆ ತಲಾ 13 ಪೆನ್ಸ್ ಕೊಟ್ಟ ದಾಖಲೆಯಿದೆ. ಗುರುವಾರದ ರಾಜದಾನದ ಅತಿ ಹಳೆಯ ಗುರುತುಗಳಲ್ಲಿ ಅದೊಂದು. ಎರಡು ವರ್ಷದ ಮೇಲೆ ಅವನೇ ಬಂದು ಈ ಊರಿನ ಕೋಟೆಗೆ ಮುತ್ತಿಗೆ ಹಾಕಿದ.

ಭಾನುವಾರ, ಮಾರ್ಚ್ 28: ಹಾರ್ಬಲ್‌ಡೌನ್

ರಾತ್ರಿ ಒಂದು ಗಂಟೆಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಕೈಗಡಿಯಾರ ನಂಬಿದವರಿಗೆ ಬೆಳಗಿನ ರೈಲು ತಪ್ಪುತ್ತದೆ. ರೊಚೆಸ್ಟರಿನಿಂದ ಕ್ಯಾಂಟರ್ಬರಿ ಈಸ್ಟ್‌ಗೆ ಹೋಗಿ, ಊರ ಪಶ್ಚಿಮಕ್ಕೆ ಹಳೆಯ ಲಂಡನ್ ದಾರಿಯಲ್ಲಿ ಏರು ಹತ್ತಬೇಕು. ಹಾರ್ಬಲ್‌ಡೌನ್‌ನ ಸೇಂಟ್ ನಿಕೊಲಸ್ ಆಶ್ರಯವನ್ನು 1080ರ ದಶಕದಲ್ಲಿ ಆರ್ಚ್‌ಬಿಷಪ್ ಲ್ಯಾನ್‌ಫ್ರ್ಯಾಂಕ್ ಕುಷ್ಠರೋಗಿಗಳಿಗಾಗಿ ಕಟ್ಟಿಸಿದ. ಕುಷ್ಠರೋಗಿಗಳನ್ನು ಊರೊಳಗೆ ಬಿಡುತ್ತಿರಲಿಲ್ಲ, ಆದರೆ ಯಾತ್ರಿಕರು ಹಾಯುವ ದಾರಿಯ ಪಕ್ಕದಲ್ಲೇ ಇರಿಸಿದರು. ಜಾಗದ ಆಯ್ಕೆಯೇ ಅವರ ಜೀವನೋಪಾಯ. ದಾರಿಹೋಕರ ಕಡೆ ಚಾಚುತ್ತಿದ್ದ ಹಳೆಯ ಮರದ ಕಾಣಿಕೆ ಡಬ್ಬಿಯೂ ಈ ಆಶ್ರಯದಿಂದ ಉಳಿದುಬಂದಿದೆ.

ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಕೊಲೆಗೆ ಪ್ರಾಯಶ್ಚಿತ್ತ ಮಾಡಲು 1174ರಲ್ಲಿ ಬಂದ ರಾಜ ಎರಡನೆಯ ಹೆನ್ರಿ ಈ ಆಶ್ರಯಕ್ಕೆ ವರ್ಷಕ್ಕೆ 20 ಮಾರ್ಕ್ ಬರೆದುಕೊಟ್ಟ. ಒಂದು ಮಾರ್ಕ್ ಎಂದರೆ 13 ಶಿಲಿಂಗ್ 4 ಪೆನ್ಸ್. ಇಪ್ಪತ್ತು ಮಾರ್ಕ್ ಇಂದಿನ ನಾಣ್ಯದಲ್ಲಿ 13 ಪೌಂಡ್ 33 ಪೆನ್ಸ್. ಹನ್ನೆರಡನೆಯ ಶತಮಾನದಲ್ಲಿ ಅದು ಒಂದು ಆಶ್ರಯದ ಬೆನ್ನೆಲುಬು. ಇವತ್ತು ಒಬ್ಬರ ಊಟ. ಚರ್ಚಿನ ನೆಲ ಇಳಿಜಾರಾಗಿದೆ. ರೋಗಿಗಳು ಎದ್ದುಹೋದ ಮೇಲೆ ನೀರು ಸುರಿದು ತೊಳೆಯಲು ಹಾಗೆ ಮಾಡಿದ್ದು ಎನ್ನುತ್ತಾರೆ. ಸುತ್ತಲಿನ ಮನೆಗಳಲ್ಲಿ ಈಗ ವೃದ್ಧರು ವಾಸವಿದ್ದಾರೆ, ಕಿಟಕಿಯಲ್ಲಿ ಇಣುಕಬಾರದು. ಈಸ್ಟರ್ ಭಾನುವಾರವಾದ್ದರಿಂದ ಇದಕ್ಕಿಂತ ಹೆಚ್ಚೇನೂ ಸಾಧ್ಯವಿಲ್ಲ.

ಸೋಮವಾರ, ಮಾರ್ಚ್ 29: ಬಿಡೆಂಡನ್

ಕ್ಯಾಂಟರ್ಬರಿ ವೆಸ್ಟ್‌ನಿಂದ ಆಶ್‌ಫರ್ಡ್‌ಗೆ ಬಂದು, ಅಲ್ಲಿ ಬದಲಿಸಿ ಹೆಡ್‌ಕಾರ್ನ್ ನಿಲ್ದಾಣ. ಅಲ್ಲಿಂದ ಬಿಡೆಂಡನ್ ಆರೇಳು ಕಿಲೋಮೀಟರ್. ಸರ್ಕಾರಿ ರಜೆಯಂದು ಬಸ್ ನೆಚ್ಚುವಂತಿಲ್ಲ. ಟ್ಯಾಕ್ಸಿಯನ್ನು ಹಿಂದಿನ ವಾರವೇ ಗೊತ್ತುಮಾಡಬೇಕು, ನಿಲ್ದಾಣದ ಹೊರಗೆ ಸಿಗುತ್ತದೆ ಎಂದುಕೊಂಡರೆ ಹಂಚಿಕೆ ಮುಗಿದ ಮೇಲೆ ತಲುಪುತ್ತೀರಿ. ಹಂಚುವುದು ಬೆಳಗ್ಗೆ.

ಊರ ನಡುವಿನ ಫಲಕದಲ್ಲಿ ಇಬ್ಬರು ಹೆಂಗಸರು, ಹೆಗಲಿಗೆ ಹೆಗಲು ಅಂಟಿದವರು. ಎಲೈಜಾ ಮತ್ತು ಮೇರಿ ಚಲ್ಕ್‌ಹರ್ಸ್ಟ್. ದೇಹ ಕೂಡಿಕೊಂಡೇ 1100ರಲ್ಲಿ ಹುಟ್ಟಿ 34 ವರ್ಷ ಬಾಳಿದರು, ಸಾಯುವಾಗ 20 ಎಕರೆ ನೆಲವನ್ನು ಊರಿನ ಬಡವರಿಗೆ ಬಿಟ್ಟರು ಎಂಬುದು ನಂಬಿಕೆ. ಆ ನೆಲಕ್ಕೆ ‘ಬ್ರೆಡ್ ಮತ್ತು ಚೀಸ್ ಹೊಲ’ ಎಂದೇ ಹೆಸರು. ಹದಿನೆಂಟನೆಯ ಶತಮಾನದಲ್ಲಿ ಕೆಂಟ್‌ನ ಚರಿತ್ರೆ ಬರೆದ ಎಡ್ವರ್ಡ್ ಹೇಸ್ಟೆಡ್ ಇದನ್ನು ಒಪ್ಪಲಿಲ್ಲ: ಇಲ್ಲಿ ಹಂಚುವ ಹಿಟ್ಟಿನ ಬಿಲ್ಲೆಯ ಮೇಲಿನ ಚಿತ್ರ ಇಬ್ಬರು ಬಡ ವಿಧವೆಯರದು, ಅವಳಿಗಳ ಕಥೆ ಆಮೇಲೆ ಅಂಟಿಕೊಂಡದ್ದು ಎಂದ. ವಾದ ಇನ್ನೂ ತೀರಿಲ್ಲ. ನೆಲ ಇತ್ತು, ಬ್ರೆಡ್ ಹಂಚಿಕೆಯಾಗುತ್ತಿತ್ತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಏಕೆಂದರೆ 1645ರಲ್ಲಿ ಊರಿನ ಪಾದ್ರಿ ವಿಲಿಯಮ್ ಹಾರ್ನರ್ ಇದು ಚರ್ಚಿನ ಜಮೀನು, ತನಗೆ ಸೇರಬೇಕು ಎಂದು ದಾವೆ ಹೂಡಿ ಸೋತ. 1656ರಲ್ಲಿ ಮತ್ತೆ ಹೂಡಿ ಮತ್ತೆ ಸೋತ. ದತ್ತಿಯ ಚರಿತ್ರೆ ನಮಗೆ ಸಿಗುವುದು ಬಹುಪಾಲು ಅದನ್ನು ಕಸಿಯಲು ಹೋದವರ ಕಾಗದಪತ್ರಗಳಿಂದ. ಹಂಚಿಕೆಯೂ ಮೊದಲು ಚರ್ಚಿನ ಒಳಗೇ ನಡೆಯುತ್ತಿತ್ತು. ಗಲಾಟೆ ಹೆಚ್ಚಿ 1682ರಲ್ಲಿ ಹೊರಗಿನ ಮುಖಮಂಟಪಕ್ಕೆ ಬಂತು. 1907ರಲ್ಲಿ ಊರಿನ ಇತರ ದತ್ತಿಗಳ ಜೊತೆ ಇದನ್ನೂ ಸೇರಿಸಿ ಒಂದೇ ಟ್ರಸ್ಟ್ ಮಾಡಿದರು.

ಈಗಿನ ಕ್ರಮದಲ್ಲಿ ಹಿಂದೆ ಬಡವರನ್ನು ಇರಿಸಿ ದುಡಿಸುತ್ತಿದ್ದ ಹಳೆಯ ವರ್ಕ್‌ಹೌಸ್ ಕಟ್ಟಡದ ಕಿಟಕಿಯಿಂದ ಊರಿನ ಪಿಂಚಣಿದಾರರಿಗೂ ವಿಧವೆಯರಿಗೂ ಬ್ರೆಡ್, ಚೀಸ್, ಚಹಾ. ಪಟ್ಟಿಯಲ್ಲಿ ಹೆಸರಿರಬೇಕು. ಎರಡನೆಯ ಮಹಾಯುದ್ಧದ ಪಡಿತರದ ಕಾಲದಲ್ಲಿ ಚೀಸ್ ಸಿಗದೆ ಕೋಕೊ ಕೊಟ್ಟರು, ಹಂಚಿಕೆ ಮಾತ್ರ ನಿಲ್ಲಿಸಲಿಲ್ಲ.

ಹೊರಗಿನಿಂದ ಬಂದವರಿಗೆ ಸಿಗುವುದು ಬಿಡೆಂಡನ್ ಬಿಲ್ಲೆ. ಹಿಟ್ಟು, ನೀರು ಅಷ್ಟೇ. ಹುಳಿಯಿಲ್ಲ, ಸಕ್ಕರೆಯಿಲ್ಲ, ಬೆಣ್ಣೆಯಿಲ್ಲ. ಅಚ್ಚಿನಲ್ಲಿ ಒತ್ತಿ, ಒಳಗಿನ ತೇವವೆಲ್ಲ ಹೋಗುವವರೆಗೆ ಒಲೆಯಲ್ಲಿ ಒಣಗಿಸುತ್ತಾರೆ. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಪೂರ್ತಿ ಒಣಗಿದರೆ ವರ್ಷಗಟ್ಟಲೆ ಇರುತ್ತದೆ. ಬೆರಳಲ್ಲಿ ತಟ್ಟಿದರೆ ಹೆಂಚಿನ ಸದ್ದು. ಇಬ್ಬರು ಹೆಂಗಸರ ಉಬ್ಬುಚಿತ್ರ, ಪಕ್ಕದಲ್ಲಿ ಹೆಸರು, 1100 ಮತ್ತು 34 ಎಂಬ ಅಂಕಿ. ವಿಮಾನದಲ್ಲಿ ತರುವುದಾದರೆ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಡಿ, ದೊಡ್ಡ ಪೆಟ್ಟಿಗೆಯಲ್ಲಿಟ್ಟರೆ ಒಡೆಯುತ್ತದೆ. ಕಚ್ಚಲು ಹೋಗಬೇಡಿ. ತಿನ್ನುವ ಬ್ರೆಡ್ ಇರುವುದು ಕಿಟಕಿಯ ಇನ್ನೊಂದು ಸಾಲಿನಲ್ಲಿ, ಪಟ್ಟಿಯಲ್ಲಿ ಹೆಸರಿದ್ದವರಿಗೆ.